ಕುದಿಸಿದರೆ ಕರಗುವ ಮಬ್ಬು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಗಾಜಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತನಾಲ್ಕು ವರ್ಷಗಳಲ್ಲಿ ಒಂದೇ ಒಂದು ಗಾಜಿನ ನಳಿಗೆ ಒಡೆದವಳಲ್ಲ. ಬೇರೆಯವರೇನಾದರೂ ಒಡೆದರೋ, ಆ ದಿನವಿಡೀ ಅವರ ಕಿವಿಗೆ ಬಿಡುವಿರುತ್ತಿರಲಿಲ್ಲ. ಮದುವೆಯ ಗೊಡವೆಗೆ ಹೋಗಲಿಲ್ಲ. ತಾಯಿ ಸತ್ತಾಗ ಆರು ವರ್ಷದವನಿದ್ದ ತಮ್ಮನನ್ನು ಸಾಕಿದಳು, ಬೈದಳು, ಅವನಿಗೆ ಮೀಸೆ ಬಂದ ಮೇಲೂ ಬೈದಳು. ಅವನೀಗ ಬಸ್ಸು ಓಡಿಸುತ್ತಾನೆ.

ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ನೋಡಲು ಅವಳ ಮೇಜಿನ ಮೇಲೊಂದು ಡಬ್ಬಿ ತುಂಬ ಕಡ್ಡಿಗಳಿದ್ದವು. ಕಡ್ಡಿಯ ಹಳದಿ ತುದಿಯನ್ನು ಅದ್ದಿ ಒಂದು ನಿಮಿಷ ಕಾಯಬೇಕು. ಹಸಿರಾದರೆ ಇದೆ, ಹಳದಿಯಾಗಿಯೇ ಉಳಿದರೆ ಇಲ್ಲ. ದಿನಕ್ಕೆ ಇನ್ನೂರು ಸ್ಯಾಂಪಲ್ಲು ಬರುವ ಕಡೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ನಾಲ್ಕು ತಿಂಗಳ ಹಿಂದೆ ತಮ್ಮ ಬೆನ್ನುನೋವೆಂದು ಬಂದಾಗಲೂ ಕಡ್ಡಿ ಅದ್ದಿ, 'ಇಲ್ಲ' ಎಂದು ಚೀಟಿಯಲ್ಲಿ ಕೈಯಾರೆ ಬರೆದುಕೊಟ್ಟಳು.

"ಕಿಡ್ನಿಗೇನೂ ಆಗಿಲ್ಲ ಕಣೋ. ಹಗಲೆಲ್ಲಾ ಸೀಟಲ್ಲಿ ಕೂತ್ರೆ ಬೆನ್ನು ನೋಯದೆ ಇರುತ್ತಾ?"

"ಹಾಗಾದ್ರೆ ನೋವಿನ ಮಾತ್ರೆ ತಗೋಬಹುದಾ ಅಕ್ಕ?"

"ಧಾರಾಳವಾಗಿ ತಗೋ."

ಈ ಮಂಗಳವಾರ ಅವನ ರಕ್ತದ ವರದಿ ಅವಳ ಕೈಗೇ ಬಂತು. ಹಿಮೋಗ್ಲೋಬಿನ್ ಅರ್ಧಕ್ಕಿಳಿದಿತ್ತು. ಕಿಡ್ನಿ ಸೋಸದೆ ಬಿಟ್ಟ ಕಸವೆಷ್ಟೆಂದು ಹೇಳುವ ಕ್ರಿಯಾಟಿನಿನ್ ನಾಲ್ಕು ಪಟ್ಟು ಏರಿತ್ತು. ಯಂತ್ರ ಕೆಟ್ಟಿದೆ ಎಂದು ಅದಕ್ಕೂ ಬೈದು, ಇನ್ನೊಮ್ಮೆ ಓಡಿಸಿದಳು. ಯಂತ್ರ ಅದನ್ನೇ ಹೇಳಿತು. ಹೊಸ ಮೂತ್ರಕ್ಕೆ ಕಡ್ಡಿ ಅದ್ದಿದಳು. ಹಳದಿಯೇ. ಕಿಡ್ನಿ ಇಷ್ಟು ಸೋತಿದ್ದರೂ ಪ್ರೋಟೀನ್ ಇಲ್ಲವೇ? ಮೇಷ್ಟ್ರು ನೆನಪಾದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲಿಸಿದ ಮುದುಕರು ಅವರು. ಕಡ್ಡಿಗಳನ್ನು ಕಂಡರೆ ಅವರಿಗಾಗುತ್ತಿರಲಿಲ್ಲ.

"ಈ ಕಡ್ಡಿಗೆ ಕಾಣೋದು ಆಲ್ಬುಮಿನ್ ಅನ್ನೋ ಒಂದು ಜಾತಿ ಪ್ರೋಟೀನ್ ಮಾತ್ರ ಕಣಮ್ಮಾ. ನೂರನಲವತ್ತು ವರ್ಷದ ಹಿಂದೆ, ಮೂಳೆ ಮೆತ್ತಗಾಗಿ ನರಳ್ತಿದ್ದವನೊಬ್ಬನ ಮೂತ್ರ ಕಾಯಿಸಿ ನೋಡಿದ್ರಂತೆ. ಬಿಸಿಯಾದಾಗ ಮಬ್ಬಾಯ್ತು, ಕುದ್ದಾಗ ತಿಳಿಯಾಯ್ತು, ಆರಿದಾಗ ಮತ್ತೆ ಮಬ್ಬು! ಅದೇನು ಅಂತ ಪೂರ್ತಿ ತಿಳಿಯೋಕೆ ನೂರು ವರ್ಷಕ್ಕೂ ಹೆಚ್ಚು ಹಿಡೀತು. ಅದೊಂದು ಥರ ಕ್ಯಾನ್ಸರು; ಮೂಳೆಯೊಳಗಿನ ಪ್ಲಾಸ್ಮಾ ಕೋಶಗಳು ಕೆಟ್ಟು, ಹದ್ದು ಮೀರಿ ಬೆಳೆದು, ತುಂಡು ಪ್ರೋಟೀನ್ ಸುರೀತಾನೇ ಇರ್ತವೆ. ಅದು ಕಿಡ್ನಿಯ ಸಣ್ಣ ನಾಳಗಳಲ್ಲಿ ಗಟ್ಟಿಕಟ್ಟಿ ಕೂತ್ಬಿಡುತ್ತೆ. ಮೂಳೆ ನೋವು, ಬೆನ್ನು ನೋವು ಅಂದವರ ಮೂತ್ರ ಕಾಯಿಸದೆ ಬಿಡಬೇಡ."

ಅವಳು ಹತ್ತು ವರ್ಷ ನಿಯತ್ತಾಗಿ ಕಾಯಿಸಿದಳು. ಒಂದೂ ಸಿಗಲಿಲ್ಲ. ಮೇಷ್ಟ್ರು ತೀರಿಕೊಂಡರು, ಮೂತ್ರ ಕಾಯಿಸುವ ಬರ್ನರು ಕಪಾಟು ಸೇರಿತು.

ಈಗ ಅದನ್ನೇ ಹುಡುಕಿ ತೆಗೆದಳು. ತಮ್ಮನ ಮೂತ್ರಕ್ಕೆ ನಾಲ್ಕು ಹನಿ ಆಮ್ಲ ಬಿಟ್ಟು, ನಳಿಗೆಯನ್ನು ನೀರಿನಲ್ಲಿಟ್ಟು, ಉಷ್ಣಮಾಪಕ ಇಳಿಬಿಟ್ಟಳು. ನಲವತ್ತು. ನಲವತ್ತೈದು. ಐವತ್ತೈದಕ್ಕೆ ತಿಳಿ ನೀರಿನಲ್ಲಿ ಹಾಲು ಬಿದ್ದ ಹಾಗೆ ಮಬ್ಬು ಎದ್ದಿತು. ಇನ್ನು ಕುದಿದ ಮೇಲೂ ಅದು ಉಳಿದರೆ ಬರಿಯ ಆಲ್ಬುಮಿನ್, ಕಡ್ಡಿಯೇ ಹಾಳಾಗಿದ್ದಿರಬೇಕು. ಕರಗಬೇಡ, ಕರಗಬೇಡ ನಮ್ಮಪ್ಪಾ ಎಂದು ನಳಿಗೆಯನ್ನೇ ಬೇಡಿಕೊಂಡಳು. ನೀರು ಕುದಿಯತೊಡಗಿತು. ಮಬ್ಬು ಕರಗಿ ನಳಿಗೆ ತಿಳಿಯಾಯಿತು. ಇಷ್ಟು ತಿಳಿಯಾದದ್ದನ್ನು ನೋಡಿ ಅವಳು ಯಾವತ್ತೂ ಹೀಗೆ ಹೆದರಿರಲಿಲ್ಲ. ಹೊರಗಿಟ್ಟು ಕಾದಳು. ಆರುತ್ತಾ ಬಂದಂತೆ ಮಬ್ಬು ಮತ್ತೆ ಬಂತು.

ಡಾಕ್ಟರು ನಳಿಗೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಇವತ್ತೇ ಅಡ್ಮಿಟ್ ಮಾಡಿ. ಮೂಳೆಮಜ್ಜೆ ನೋಡೋಣ. ನೋವಿನ ಮಾತ್ರೆ ತಗೋತಿದ್ರೆ ಈಗಲೇ ನಿಲ್ಸಿ, ಕಿಡ್ನಿಗೆ ಅದೂ ಪೆಟ್ಟೇ. ಕಿಡ್ನಿ ಇನ್ನೆಷ್ಟು ಉಳಿದಿದೆಯೋ ಹೇಳೋಕಾಗಲ್ಲ."

ತಮ್ಮ ಹೊರಗೆ ಬೆಂಚಿನ ಮೇಲೆ ಒಂದು ಕಡೆ ವಾಲಿ ಕೂತಿದ್ದ. ಅಕ್ಕನ ಮುಖ ನೋಡಿ, "ಏನು, ಯಾರು ಗಾಜು ಒಡೆದ್ರು?" ಎಂದ.

"ಮಾತ್ರೆ ತಗೋತಿದ್ಯೇನೋ?"

ಅವನು ಜೇಬಿನಿಂದ ಮಾತ್ರೆಯ ಹಾಳೆ ತೆಗೆದ. ಎರಡೇ ಉಳಿದಿದ್ದವು.

"ದಿನಾ ಮೂರು. ನಮ್ಮ ಕಂಡಕ್ಟರು ಬೇಡ ಅಂತಿದ್ದ, ಕಿಡ್ನಿ ಹೋಗುತ್ತೆ ಅಂತ. ನಾನು ನಿನ್ನ ಚೀಟಿ ತೋರಿಸ್ದೆ."

ಅಂಗಿಯ ಜೇಬಿನಲ್ಲಿ, ಲೈಸೆನ್ಸಿನ ಜೊತೆ, ಅದು ಈಗಲೂ ಇತ್ತು. ನಾಲ್ಕು ಮಡಿಕೆಯೂ ಸವೆದಿದ್ದವು. 'ಇಲ್ಲ' ಎಂಬುದು ಮಾತ್ರ ಅವಳ ದುಂಡನೆಯ ಅಕ್ಷರದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.