ನಡುಬಿಂದುವಿನ ಪೊಟೆನ್ಶಿಯಲ್

ಇದನ್ನು ಹೇಳುವುದನ್ನು ಇಷ್ಟು ಕಾಲ ಮುಂದೂಡುತ್ತ ಬಂದೆ. ಮೊದಲು ಕೆಲಸದ ನೆಪ, ನಿವೃತ್ತಿಯಾದ ಮೇಲೆ ಮಂಡಿನೋವಿನ ನೆಪ. ಅಂಜುಬುರುಕನಿಗೆ ನೆಪಗಳಿಗೇನು ಕೊರತೆ?

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಬಿಡಿಭಾಗದ ಅಳತೆ ಡ್ರಾಯಿಂಗಿಗೆ ಹೊಂದದಿದ್ದರೆ ಕೆಂಪು ಬಣ್ಣ ಬಳಿದು ಎಸೆಯುವುದು. ಆ ಬುದ್ಧಿಯನ್ನು ಮನೆಗೂ ತಂದಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಮಗಳು ಪಿಯುಸಿ ಓದುವಾಗ ಅವಳ ಲೆಕ್ಕಗಳನ್ನು ಗೈಡಿನ ಉತ್ತರದ ಪಕ್ಕ ಇಟ್ಟು ನೋಡುತ್ತಿದ್ದೆ. ಅರ್ಥವಾಗುತ್ತಿತ್ತೇ? ಇಲ್ಲ. ಗತ್ತಿಗೆ ಮಾತ್ರ ಕಮ್ಮಿಯಿರಲಿಲ್ಲ.

ಒಂದು ಫಿಸಿಕ್ಸ್ ಲೆಕ್ಕ: ಸಮನಾದ ಎರಡು ಧನ ವಿದ್ಯುತ್ ಚಾರ್ಜುಗಳು. ಅವುಗಳ ನಡುಬಿಂದುವಿನಲ್ಲಿ ಪೊಟೆನ್ಶಿಯಲ್ ಎಷ್ಟು? ಗೈಡಿನಲ್ಲಿ ಸೊನ್ನೆ. ಟ್ಯೂಷನ್ನಿನಲ್ಲಿ ಮಗಳು ಬರೆದುಕೊಂಡಿದ್ದು ಬೇರೆಯೇ: ಒಂದು ಚಾರ್ಜಿನದರ ಎರಡರಷ್ಟು.

ಭಾನುವಾರ ಹಲಸೂರಿನ ಟ್ಯೂಷನ್ ಮನೆಗೆ ನುಗ್ಗಿದೆ. ಆಗಷ್ಟೇ ಎಂಎಸ್ಸಿ ಮುಗಿಸಿದ್ದ ಟೀಚರು ವರಾಂಡದಲ್ಲಿ ಪಾಠ ಹೇಳಿಯೇ ಮನೆ ನಡೆಸುತ್ತಿದ್ದರು.

"ಏನ್ರೀ ಮೇಡಂ, ಗೈಡ್ ಬರ್ದೋರು ದಡ್ಡರಾ? ಎರಡು ಕಡೆಯಿಂದ ಸಮ ಎಳೆದ್ರೆ ಹಗ್ಗ ಅಲ್ಲಾಡುತ್ತೇನ್ರೀ?"

"ನೀವು ಹೇಳ್ತಿರೋದು ಫೀಲ್ಡು, ಸರ್. ಅದಕ್ಕೆ ದಿಕ್ಕಿದೆ, ಕ್ಯಾನ್ಸಲ್ ಆಗುತ್ತೆ. ಪೊಟೆನ್ಶಿಯಲ್‌ಗೆ ದಿಕ್ಕಿಲ್ಲ. ಕಾನ್‌ಸ್ಟಂಟ್ ಬಿಟ್ರೆ, ಚಾರ್ಜನ್ನ ದೂರದಿಂದ ಭಾಗಿಸಿ, ಪ್ಲಸ್ಸೋ ಮೈನಸ್ಸೋ ನೋಡಿ ಕೂಡ್ಸೋದಷ್ಟೇ. ಇಲ್ಲಿ ಎರಡೂ ಪ್ಲಸ್ಸು."

"ಪ್ರಿಂಟಾಗಿರೋದು ಸುಳ್ಳು, ನೀವ್ ಹೇಳೋದು ನಿಜ! ಚೆನ್ನಾಗಿದೆ ಬಿಡಿ."

ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ತಂದೆತಾಯಿಯರು ನಕ್ಕರು. ಆ ನಗು ನನಗೆ ಸಾಲಲಿಲ್ಲ. ಮಗಳನ್ನು ಎದ್ದು ನಿಲ್ಲಿಸಿ, "ಮಿಸ್ ಹೇಳ್ಕೊಟ್ಟಿದ್ದು ತಪ್ಪು ಅಂತ ಹೇಳು" ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು.

ಕ್ಲಾಸಿನ ಬುದ್ಧಿವಂತೆಯೇ ಹಾಗೆಂದ ಮೇಲೆ ಬೇರೆಯವರು ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ಪರೀಕ್ಷೆಗೆ ಮೊದಲೇ ಟ್ಯೂಷನ್ ಮುಚ್ಚಿತು.

ಆ ಭಾನುವಾರ ಮನೆಗೆ ಮರಳುವಾಗ ಸ್ಕೂಟರಿನ ಹಿಂದೆ ಕೂತಿದ್ದ ಮಗಳು, "ಅಪ್ಪ, ಮಿಸ್ ಹೇಳಿದ್ದೇ ಸರಿ. ನಂಗೆ ಅರ್ಥ ಆಗಿತ್ತು" ಎಂದಳು.

"ಬಾಯ್ಮುಚ್ಕೊಂಡು ಕೂತ್ಕೋ."

ಇನ್ನೂ ಹಲಸೂರು ಕೆರೆ ದಾಟಿರಲಿಲ್ಲ. ಸ್ಕೂಟರ್ ತಿರುಗಿಸಬಹುದಿತ್ತು. ತಿರುಗಿಸಿದ್ದರೆ ಈ ಮೀಸೆ ಏನಾಗಬೇಕಿತ್ತು!

ವರ್ಷಗಳ ಮೇಲೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಆ ಟೀಚರು ಸಿಕ್ಕರು. ಕೈಮುಗಿದು ಕ್ಷಮೆ ಕೇಳಿದೆ. ಕೇಳಿ, ದೊಡ್ಡ ಮನುಷ್ಯನಾದೆನೆಂದು ಒಳಗೊಳಗೇ ಬೀಗಿದೆ.

"ಬಿಡಿ ಸರ್," ಎಂದರು ಅವರು, "ನಿಮ್ಮ ಮಗಳು ಅವತ್ತು ಸಂಜೇನೇ ಒಬ್ಳೇ ಬಂದು, ಅತ್ಕೊಂಡು, ಸಾರಿ ಕೇಳಿ ಹೋದ್ಲು."

ಮನೆಗೆ ಬಂದೆ. ಮಗಳು ಊಟ ಬಡಿಸಿದಳು. ಉಂಡೆ, ಕೈತೊಳೆದೆ, ಮಲಗಿದೆ. ನಾನು ಈವರೆಗೂ ಕ್ಷಮೆ ಕೇಳದೆ ಉಳಿದಿರುವುದು ಅವಳನ್ನು, ನನ್ನ ಮಗಳನ್ನು.