ಪಾದಕ್ಕೆ ಜವಾಬು ಕೇಳಿದ ಹಾಲಮ್ಮ

ದೇವನೂರಿನ ಹಾಲಮ್ಮನವರಿಗೆ ಓದಲು ಬರುತ್ತಿರಲಿಲ್ಲ. ಆದರೆ ಕಾಗದದ ಮೇಲಿನ ಮೊಹರು ನೋಡಿ ಅದು ಠಾಣೆಯದೋ, ಕೋರ್ಟಿನದೋ, ಆಸ್ಪತ್ರೆಯದೋ ಎಂದು ಹೇಳಿಬಿಡುತ್ತಿದ್ದರು. ಮಗ ರುದ್ರೇಶ ಜೈಲು ಸೇರಿದ ಮೇಲೆ ಕಲಿತ ವಿದ್ಯೆ ಅದು.

ಎಪ್ಪತ್ತರ ದಶಕದ ಕೊನೆ. ಕಡೂರಿನಲ್ಲಿ ನಾನು ಆಗಷ್ಟೇ ವಕೀಲಿ ಶುರುಮಾಡಿದ್ದೆ. ಬದುವಿನ ಜಗಳದಲ್ಲಿ ಒಬ್ಬನ ತಲೆ ಒಡೆದ ಆರೋಪ ರುದ್ರೇಶನ ಮೇಲಿತ್ತು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಜೈಲಿನಲ್ಲಿ ಕಾಲಿಗೆ ಮೊಳೆ ಚುಚ್ಚಿ ಕೀವು ತುಂಬಿತ್ತು. ಜೈಲಿನವರು ಕೊಟ್ಟದ್ದು ಬರೀ ನೋವಿನ ಮಾತ್ರೆ.

“ಪಾದ ಊದ್ಕಂಡು ಕುಂಬ್ಳಕಾಯಿ ಆಗೈತೆ ಲಾಯರಪ್ಪ. ಯಾರ್ಗೆ ಹೇಳಾನ?” ಎಂದರು ಹಾಲಮ್ಮ.

ಯಾರಿಗೆಂದು ನನಗೂ ಗೊತ್ತಿರಲಿಲ್ಲ. ಕಾಯಿಲೆಯ ಕಾರಣ ಕೊಟ್ಟು ಜಾಮೀನು ಅರ್ಜಿ ಹಾಕಿದೆ. ಡಾಕ್ಟರ ಸರ್ಟಿಫಿಕೇಟ್ ಇಲ್ಲವೆಂದು ವಜಾ ಆಯಿತು. ಕೈದಿಯನ್ನು ನೋಡದೆ ಹೇಗೆ ಬರೆಯಲಿ ಎಂದರು ಆಸ್ಪತ್ರೆಯ ಡಾಕ್ಟರು. ಆಸ್ಪತ್ರೆಗೆ ಕಳಿಸಲು ಬೆಂಗಾವಲು ಬೇಕೆಂದರು ಜೈಲಿನವರು. ಬೆಂಗಾವಲಿಗೆ ಕೋರ್ಟಿನ ಆದೇಶ ಬೇಕೆಂದರು ಪೊಲೀಸರು. ಒಬ್ಬೊಬ್ಬರ ಮಾತೂ ಸರಿಯೇ ಇತ್ತು. ಅದೇ ನನ್ನ ತಲೆ ಕೆಡಿಸಿತು. ಹೈಕೋರ್ಟಿಗೆ ರಿಟ್ ಹಾಕಬೇಕೇ, ಮೇಲಧಿಕಾರಿಗೆ ದೂರು ಕೊಡಬೇಕೇ? ನನ್ನ ಹಿರಿಯ ವಕೀಲರು ಕಾಯೋಣ ಎಂದರು.

ಹಾಲಮ್ಮ ಕಾಯಲಿಲ್ಲ. ವಾಯಿದೆ ಬಂದಾಗಲೆಲ್ಲ ರುದ್ರೇಶನ ಬದಲು ಅವನ ಬಂಧನ ಮುಂದುವರಿಸುವ ಕಾಗದವಷ್ಟೇ ಕೋರ್ಟಿಗೆ ಬರುತ್ತಿದ್ದುದನ್ನು ಅವರು ಗಮನಿಸಿದ್ದರು.

“ಜಡ್ಜಪ್ಪಂಗೆ ಕಣ್ಣೈತಲ್ಲ? ನನ್ನ ಮಗನ್ನ ಅವ್ರ ಮುಂದೆ ಕರ್ಸಿ ಅಂತ ಬರಿಯಪ್ಪ. ಅಷ್ಟೇ ಸಾಕು.”

ಹಾಗೇ ಬರೆದೆ. ಅವನನ್ನು ಕರೆತರಲು ಕೋರ್ಟು ಆದೇಶಿಸಿತು. ಮೂರನೆಯ ದಿನ ಇಬ್ಬರು ಪೇದೆಗಳು ರುದ್ರೇಶನನ್ನು ಎತ್ತಿಕೊಂಡು ಬಂದರು. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ಎಲ್ಲರೂ ಮೂಗು ಮುಚ್ಚಿಕೊಂಡರು. ಮ್ಯಾಜಿಸ್ಟ್ರೇಟರು ಪೀಠದಿಂದ ಇಳಿದು ಬಂದು ಬಗ್ಗಿ ನೋಡಿದರು. ಅಂದೇ ಜಿಲ್ಲಾಸ್ಪತ್ರೆಗೆ ಸೇರಿಸಲು ಆದೇಶವಾಯಿತು. ಜೀವ ಉಳಿಯಿತು, ಪಾದ ಉಳಿಯಲಿಲ್ಲ.

ಕೊನೆಗೆ ಕೇಸಿನಲ್ಲಿ ರುದ್ರೇಶ ಖುಲಾಸೆಯಾದ. ಅವತ್ತು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಹಾಲಮ್ಮ ಕೇಳಿದರು: “ತಪ್ಪಿಲ್ಲ ಅಂದ್ರಲ್ಲ, ಹಂಗಾರೆ ಪಾದಕ್ಕೆ ಜವಾಬು ಯಾರು ಹೇಳ್ತಾರೆ? ಸರ್ಕಾರದ ಮ್ಯಾಲೆ ಕೇಸು ಹಾಕ್ಬೋದಾ?”

“ಗೊತ್ತಿಲ್ಲಮ್ಮ. ಹಾಕಬಹುದೇನೋ.”

“ತಿಳ್ಕಂಡಿರು. ಬತ್ತೀನಿ.”

ಆಮೇಲೆ ಕಡೂರಿಗೆ ಬಂದಾಗಲೆಲ್ಲ ಆಫೀಸಿನ ಬಾಗಿಲಲ್ಲಿ ನಿಂತು, “ತಿಳೀತಾ?” ಎಂದು ಕೇಳುತ್ತಿದ್ದರು. ಒಂದು ಕಾನೂನು ಪುಸ್ತಕ ಕೇಸು ಹಾಕಬಹುದು ಎನ್ನುತ್ತಿತ್ತು, ಇನ್ನೊಂದು ಸಲ್ಲದು ಎನ್ನುತ್ತಿತ್ತು. ಓದುತ್ತಿದ್ದೇನೆ ಎಂದಷ್ಟೇ ಹೇಳಿ ಕಳಿಸುತ್ತಿದ್ದೆ.

ಕೆಲವು ವರ್ಷ ಕಳೆದ ಮೇಲೆ, ಜೈಲಿನಲ್ಲಿ ಅನ್ಯಾಯವಾದವನಿಗೆ ಸರ್ಕಾರವೇ ಪರಿಹಾರ ಕೊಡಬೇಕೆಂಬ ತೀರ್ಪೊಂದನ್ನು ಓದಿದೆ. ಆ ಭಾನುವಾರವೇ ದೇವನೂರಿನ ಬಸ್ಸು ಹತ್ತಿದೆ. ಹಾಲಮ್ಮ ತೀರಿಕೊಂಡು ತಿಂಗಳಾಗಿತ್ತು.

“ಅವ್ವ ಕೊನೇ ತಂಕ ನಿಮ್ಮನ್ನ ಕೇಳ್ತಿದ್ಲು. ಈಗ್ಲೂ ಹಾಕ್ಬೋದಾ ಸ್ವಾಮಿ?” ಎಂದ ರುದ್ರೇಶ, ಊರುಗೋಲು ಗೋಡೆಗೆ ಒರಗಿಸುತ್ತ.

ಕೇಸು ಹಾಕುವ ಅವಧಿ ಮೀರಿತ್ತೋ, ಇಂಥದ್ದಕ್ಕೆ ಅವಧಿಯೇ ಇಲ್ಲವೋ, ನನಗೆ ಖಚಿತವಿರಲಿಲ್ಲ. ಜಗಲಿಯ ಮೇಲೆ ಕೂತು ಬರೆಯತೊಡಗಿದೆ. ಅರ್ಜಿದಾರರು ಎಂಬಲ್ಲಿ ಹಾಲಮ್ಮನ ಹೆಸರನ್ನೇ ಬರೆದುಬಿಟ್ಟಿದ್ದೆ. ಹೊಡೆದುಹಾಕಲು ಕೈ ಬರಲಿಲ್ಲ.