ಕಾಲು ಮುಂದಾಗಿ ಹುಟ್ಟಿದವಳ ಮೂರು ಒದೆ

ನನ್ನ ಕುತ್ತಿಗೆ ಹಿಡಿದದ್ದು ಒಂದು ಬುಧವಾರ ಬೆಳಿಗ್ಗೆ, ಬಾವಿಕಟ್ಟೆಯಲ್ಲಿ. ಬಲಗಡೆಯ ಗೇಟಿನಿಂದ ಮೀನಿನವಳು ಕೂಗಿದಳು. ತಿರುಗಿ ನೋಡಲು ಹೋದೆ, ತಲೆ ಒಪ್ಪಲಿಲ್ಲ. ಕೊನೆಗೆ ಬೈಂದೂರು ಸ್ಟ್ಯಾಂಡಿನಲ್ಲಿ ಡ್ರೈವರು ಬಸ್ಸು ತಿರುಗಿಸುವ ಹಾಗೆ ಇಡೀ ಮೈಯನ್ನೇ ಹಿಂದೆ ಮುಂದೆ ಮಾಡಿ ಅವಳ ಕಡೆಗೆ ತಂದು ನಿಲ್ಲಿಸಿದೆ. ಬಂಗುಡೆ ತಾಜಾ ಇತ್ತು. ಅದನ್ನು ಬಗ್ಗಿ ನೋಡುವುದಕ್ಕೂ ಆಗದೆ ಅವಳ ಮಾತನ್ನೇ ನಂಬಿ ತೆಗೆದುಕೊಂಡೆ. ಮೀನು ಒಳ್ಳೆಯದೇ ಇತ್ತು. ಈ ಕಾಯಿಲೆಯ ಮೊದಲ ಪುಣ್ಯ ಅದು.

ಆಮೇಲೆ ನೋವಿಗೆ ಬಸ್ ಪಾಸು ಸಿಕ್ಕಿದ ಹಾಗಾಯಿತು. ಕುತ್ತಿಗೆಯಲ್ಲಿ ಹತ್ತುವುದು, ಹೆಗಲಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು, ಮೊಣಕೈ ದಾಟಿ ಹೆಬ್ಬೆರಳಿಗೆ ಬಂದು ಇಳಿಯುವುದು. ಒಂದು ವಾರ ಶುಂಠಿ ಎಣ್ಣೆ, ಬಿಸಿನೀರಿನ ಶಾಖ, ಪೇಟೆಯ ಮುಲಾಮು ಎಲ್ಲ ಆಗಿ, ಬೈಂದೂರಿನ ನಮ್ಮ ಡಾಕ್ಟರ ಬಳಿ ಹೋದೆ. ಅವರು ಅಲ್ಲಿ ಇಲ್ಲಿ ಒತ್ತಿ ನೋಡಿ, ಕುತ್ತಿಗೆಯ ಮೂಳೆಯ ಸಂದಿಯಲ್ಲಿ ನರ ಸಿಕ್ಕಿಕೊಂಡ ಹಾಗಿದೆ, ಕುಂದಾಪುರದ ನರದ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದರು. ಆ ಡಾಕ್ಟರು ತಿಂಗಳಲ್ಲಿ ಎರಡು ಶನಿವಾರ ಮಾತ್ರ ಕುಂದಾಪುರಕ್ಕೆ ಬರುವವರು. ಹತ್ತಿರದ ಶನಿವಾರದ ಪಟ್ಟಿ ಭರ್ತಿ. ನನಗೆ ಸಿಕ್ಕಿದ್ದು ಅದರ ಮುಂದಿನದು, ಅಂದರೆ ಸುಮಾರು ನಾಲ್ಕು ವಾರ ಆಚೆಗೆ.

ಅಲ್ಲಿಯ ತನಕ ಕುತ್ತಿಗೆಗೆ ಯಾರೂ ಕೈ ಹಾಕಬಾರದು, ತಿಕ್ಕುವುದು, ತಿರುಚುವುದು, ಲಟಿಕೆ ತೆಗೆಯುವುದು ಯಾವುದೂ ಬೇಡ ಎಂದು ಬೈಂದೂರಿನ ಡಾಕ್ಟರು ಹೇಳಿದರು. ಮತ್ತೆ ಕೇಳಿದರು: ಬೆರಳು ಜೋಮು ಹಿಡಿಯುತ್ತದಾ, ಕೈಯಲ್ಲಿ ಹಿಡಿದದ್ದು ಜಾರಿ ಬೀಳುತ್ತದಾ, ಹಾಗಿದ್ದರೆ ನಾಲ್ಕು ವಾರ ಕಾಯುವಂತಿಲ್ಲ.

ಇಲ್ಲ ಎಂದೆ. ಅದು ಸುಳ್ಳು. ಹೆಬ್ಬೆರಳು ಮಲಗಿ ಆಗಲೇ ಮೂರು ದಿನವಾಗಿತ್ತು. ಜೋಮು ಎಂದ ಕೂಡಲೇ ಆಪರೇಷನ್ ಎನ್ನುತ್ತಾರೆ ಎಂದು ನನ್ನ ಲೆಕ್ಕ. ಕುತ್ತಿಗೆಗೆ ಕತ್ತಿ ಹಾಕುವುದನ್ನು ನಾನು ಕೋಳಿಯ ವಿಷಯದಲ್ಲಿ ಮಾತ್ರ ಕಂಡವಳು, ಮತ್ತು ಆ ಕೋಳಿಗಳಲ್ಲಿ ಯಾವುದೂ ಗುಣವಾಗಿ ಮನೆಗೆ ಬಂದದ್ದಿಲ್ಲ.

ಅಡುಗೆಮನೆ ನಮ್ಮನೆಯವರ ಕೈಗೆ ಹೋಯಿತು. ಅವರು ಮುಂಬಯಿಯ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ ಬಂದವರು. ನೂರು ಜನರಿಗೆ ಬೇಯಿಸಲು ಬರುತ್ತದೆ, ಮೂರು ಜನರಿಗೆ ಬರುವುದಿಲ್ಲ. ಒಂದು ದಿನ ಮಾಡಿದ ಸಾಂಬಾರು ಮೂರು ದಿನ ಬಂತು. ಅತ್ತೆ ನಾಲ್ಕನೆಯ ದಿನ ತಟ್ಟೆ ನೋಡಿ, ಇದು ಅದೇ ಸಾಂಬಾರಾ, ಅದರ ಮಗನಾ ಎಂದು ಕೇಳಿದರು. ಆದರೂ ಬಿಸಿ ಬಿಸಿ ಅನ್ನ ಕೂತಲ್ಲಿಗೆ ಬರುತ್ತಿತ್ತು. ಅದನ್ನು ನಾನು ಎರಡನೆಯ ಪುಣ್ಯವಾಗಿ ಬರೆದುಕೊಂಡೆ. ಮದುವೆಯಾದ ಮೇಲೆ ಕೂತಲ್ಲಿಗೆ ಅನ್ನ ಬಂದದ್ದು ಬಾಣಂತನದಲ್ಲಿ ಮಾತ್ರ.

ಬ್ರಹ್ಮಾವರದಲ್ಲಿರುವ ಮಗಳು ಕುತ್ತಿಗೆಗೆ ಕಟ್ಟುವ ಬೆಲ್ಟನ್ನು ಪ್ರೈವೇಟ್ ಬಸ್ಸಿನ ಕಂಡಕ್ಟರ ಕೈಲಿ ಕೊಟ್ಟು ಕಳಿಸಿದಳು. ಹೆದ್ದಾರಿ ಬದಿಯಲ್ಲಿ ನಿಂತು ನಾನೇ ಇಳಿಸಿಕೊಂಡೆ. ಅದನ್ನು ಕಟ್ಟಿಕೊಂಡರೆ ಮೂಗು ಆಕಾಶಕ್ಕೆ. ನೆಲ ಕಾಣುವುದಿಲ್ಲ, ಬೆಕ್ಕನ್ನು ಎರಡು ಸಲ ಮೆಟ್ಟಿದೆ. ಮೂರನೆಯ ದಿನದಿಂದ ಅದು ನಾನು ಬರುವ ಸಪ್ಪಳ ಕೇಳಿದರೆ ಕಪಾಟಿನ ಮೇಲೆ ಹತ್ತಿ ಕೂರತೊಡಗಿತು. ಅತ್ತೆಯ ಪ್ರಕಾರ ಮಾತ್ರ ನನಗೆ ಆ ಬೆಲ್ಟು ಒಪ್ಪುತ್ತಿತ್ತು, ಯಾಕೆಂದರೆ ಅದನ್ನು ಕಟ್ಟಿದಾಗ ನಾನು ಕಡಿಮೆ ಮಾತಾಡುತ್ತಿದ್ದೆ.

ದೇವರ ಕೋಣೆಯಲ್ಲಿ ಮಾತ್ರ ತಮಾಷೆ ನಡೆಯಲಿಲ್ಲ. ಆರತಿ ಎತ್ತಲು ಬಲಗೈ ಹೆಗಲಿನ ಮಟ್ಟಕ್ಕೂ ಏಳುತ್ತಿರಲಿಲ್ಲ. ಎಡಗೈಯಲ್ಲಿ ಆರತಿ ಎತ್ತುವುದು ನಮ್ಮಲ್ಲಿಲ್ಲ. ಹಾಗಾಗಿ ಎಡಗೈಯಿಂದ ಬಲಮೊಣಕೈಯನ್ನು ಎತ್ತಿ ಹಿಡಿದು, ಒಂದು ಕೈಗೆ ಇನ್ನೊಂದು ಕೈಯನ್ನು ಕೂಲಿಗೆ ಇಟ್ಟವಳ ಹಾಗೆ, ಅಮ್ಮನವರ ಪಟಕ್ಕೆ ಬೆಳಗಿದೆ. ಬೆರಳು ತಪ್ಪಿ ಹಲಗಾರತಿ ಕೆಳಗೆ ಬಿತ್ತು. ಬತ್ತಿ ಆರಿತು, ಎಣ್ಣೆ ಕಾಲಿನ ಮೇಲೆ ಚೆಲ್ಲಿತು. ಅಷ್ಟು ಬಿಸಿ ಇರಲಿಲ್ಲ, ಅದೂ ಒಂದು ಪುಣ್ಯವೇ. ಆದರೆ ಕೋಪ ಬಂತು. ಅಮ್ಮನ ಮುಖ ನೋಡಿ ನೇರವಾಗಿ ಹೇಳಿದೆ: ಅಮ್ಮಾ, ನಿನಗೆ ನಾಲ್ಕು ಕೈ. ಒಂದು ಮಲಗಿದರೂ ಮೂರು ಉಳಿಯುತ್ತವೆ. ನನಗಿರುವುದು ಎರಡು. ಮೀನು ಕೊಯ್ಯುವುದು, ತೆಂಗಿನಕಾಯಿ ತುರಿಯುವುದು, ನಿನಗೆ ಹೂ ಕಟ್ಟುವುದು ಎಲ್ಲ ಈ ಬಲಗೈಯೇ. ಇದನ್ನು ತೆಗೆದುಕೊಂಡರೆ ನಿನಗೇ ನಷ್ಟ, ಯೋಚನೆ ಮಾಡು.

ಯೋಚನೆ ಮಾಡುವಷ್ಟು ಹೊತ್ತು ಅಲ್ಲೇ ಕೂತಿದ್ದೆ. ನಿಜ ಹೇಳಬೇಕೆಂದರೆ ಅಂದು ನನಗೆ ಹೆದರಿಕೆ ಹುಟ್ಟಿತ್ತು. ಹೆಬ್ಬೆರಳು ಮಾತ್ರ ಅಲ್ಲ, ತೋರುಬೆರಳೂ ಕೈ ಬಿಟ್ಟಿತ್ತು. ರವಿಕೆಯ ಗುಂಡಿ ಹಾಕಲು ಆಗದೆ ಪಿನ್ನು ಚುಚ್ಚಿಕೊಳ್ಳುತ್ತಿದ್ದೆ. ಬೀಳಬಹುದಾದ ಲೋಟಗಳನ್ನು ಎಡಗೈಯಲ್ಲಿ ಹಿಡಿಯುವುದು ಕಲಿತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಅತ್ತೆ ತಮ್ಮದೊಂದು ಮದ್ದು ಹೊರಗೆ ತೆಗೆದರು. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರು ಉಳುಕಿದ ಜಾಗಕ್ಕೆ ಮೂರು ಸಲ ಕಾಲು ತಾಗಿಸಿದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆಗಬೇಕು, ಆಗುವಾಗ ಯಾರೂ ಮಾತಾಡಬಾರದು. ಒಂದು ಕಾಲಕ್ಕೆ ಇಂಥವರ ಮನೆ ಬಾಗಿಲಲ್ಲಿ ಸೊಂಟ ಹಿಡಿದವರ ಸಾಲೇ ಇರುತ್ತಿತ್ತಂತೆ.

“ನಮ್ ದೊಡ್ಡ ಸೊಸಿ ಕಾಲ್ ಮುಂದ್ ಮಾಡಿ ಹುಟ್ಟದ್ದ್ ಅಲ್ದಾ” ಎಂದರು ಅತ್ತೆ. “ಮನಿಯಗೇ ಮದ್ದ್ ಇಟ್ಕಂಡ್ ಕುಂದಾಪ್ರಕ್ ಎಂತಕೆ ಹೋಪುದ್?”

ದೊಡ್ಡ ಸೊಸೆ ಎಂದರೆ ನನ್ನ ಭಾವನ ಹೆಂಡತಿ, ನನ್ನ ಓರಗಿತ್ತಿ, ನಾನು ಅಕ್ಕ ಎಂದು ಕರೆಯುವವರು. ನಮ್ಮದೇ ಹಿತ್ತಿಲಿನ ಆಚೆ ಮನೆ. ಎರಡು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ. ಕಾರಣ ಕೋಳಿ ಸಾರು. ಮಗಳ ಸೀಮಂತದ ದಿನ ನಾನು ಮಾಡಿದ ಸಾರನ್ನು ಸೌಟಿನಲ್ಲಿ ಎತ್ತಿ ನೋಡಿ, ಬೀಗರ ಎದುರಿಗೇ, ಇದರಲ್ಲಿ ಮಕ್ಕಳಿಗೆ ಈಜು ಕಲಿಸಬಹುದು ಎಂದಿದ್ದರು. ನಾನೂ ಸುಮ್ಮನಿರಲಿಲ್ಲ, ನಿಮ್ಮ ಸಾರಿನಲ್ಲಾದರೆ ಮಕ್ಕಳು ನಡೆದುಕೊಂಡೇ ಹೋಗಬಹುದು, ಅಷ್ಟು ಮಂದ ಎಂದಿದ್ದೆ. ಅಲ್ಲಿಂದ ಬೇಲಿಯ ಈಚೆ ಒಬ್ಬಳು, ಆಚೆ ಒಬ್ಬಳು. ಕರಿಬೇವು ಬೇಕಾದರೂ ಅತ್ತೆಯ ಮೂಲಕ.

“ಅತ್ತೆ, ಅಕ್ಕ ನಂಗೆ ಒದುಕೆ ಎರಡ್ ವರ್ಷದಿಂದ ಕಾಯ್ತಾ ಇತ್ತ್” ಎಂದೆ ನಾನು. “ನೀವ್ ಕರೂದೇ ಬೇಡ, ಸುದ್ದಿ ಗೊತ್ತಾರೆ ಸಾಕ್, ಓಡ್ಕಂಡ್ ಬತ್ತ್.”

ಡಾಕ್ಟರ ಮಾತು ಮರೆತಿರಲಿಲ್ಲ. ಆದರೆ ಅವರು ಕೈ ಹಾಕಬಾರದು ಎಂದಿದ್ದರೇ ಹೊರತು ಕಾಲಿನ ಸುದ್ದಿ ಎತ್ತಿರಲಿಲ್ಲ. ಹೆದರಿದವಳಿಗೆ ಇಷ್ಟು ಸಂದು ಸಾಕು. ಉಳುಕು ಬಿಟ್ಟರೆ ಬೆರಳೂ ಏಳಬಹುದು, ಕತ್ತಿಯೂ ತಪ್ಪಬಹುದು. ಒಪ್ಪಿಕೊಂಡೆ.

ಶುಕ್ರವಾರ ಬೆಳಿಗ್ಗೆ ಅಕ್ಕ ಬಂದರು. ತಲೆಗೆ ಸ್ನಾನ ಮಾಡಿದ್ದರು, ಒಳ್ಳೆಯ ಸೀರೆ ಉಟ್ಟಿದ್ದರು. ಒದೆಯುವುದಕ್ಕೂ ಒಂದು ಮರ್ಯಾದೆ ಬೇಕಲ್ಲ. ನನ್ನ ಕಡೆ ನೋಡದೆ ನೆಟ್ಟಗೆ ಅತ್ತೆಯ ಹತ್ತಿರ ಹೋಗಿ ಎಲ್ಲಿ ಮಾಡುವುದು ಎಂದು ಕೇಳಿದರು. ಜಗಲಿಯಲ್ಲಿ ಎಂದಾಯಿತು. ನಾನು ಸ್ಟೂಲಿನ ಮೇಲೆ ಬೆನ್ನು ಕೊಟ್ಟು ಕೂತೆ. ಅಕ್ಕ ಕಂಬ ಹಿಡಿದು ಕಾಲೆತ್ತಿದರು. ಅವರ ಮೊಣಕಾಲಿಗೆ ವಾತ. ಕಾಲು ನನ್ನ ಸೊಂಟದ ತನಕ ಬಂದು ನಿಂತಿತು. ಇನ್ನೊಮ್ಮೆ ಎತ್ತಿದರು. ಈ ಸಲ ಕಂಬವೇ ಅಲ್ಲಾಡಿದ ಹಾಗಾಯಿತು. ಮಾತಾಡಬಾರದು ಎಂಬ ನಿಯಮವಿದ್ದುದರಿಂದ ಯಾರೂ ನಗುವಂತೆಯೂ ಇರಲಿಲ್ಲ. ಅತ್ತೆ ಕೈಸನ್ನೆಯಲ್ಲಿ ನನಗೆ ನೆಲ ತೋರಿಸಿದರು.

ಚಾಪೆಯ ಮೇಲೆ ಕವುಚಿ ಮಲಗಿದೆ. ಕಣ್ಣಿನ ಮುಂದೆ ಸಿಮೆಂಟು ನೆಲ, ಒಂದು ಇರುವೆ. ಎರಡು ವರ್ಷದ ಸಿಟ್ಟು ಈಗ ಬಂದು ಬೀಳುತ್ತದೆ ಎಂದು ಹಲ್ಲು ಕಚ್ಚಿಕೊಂಡು ಅಮ್ಮನ ಹೆಸರು ಹೇಳಿಕೊಂಡೆ. ಕಾಲು ಬಂತು. ತಣ್ಣಗಿತ್ತು, ತೊಳೆದುಕೊಂಡು ಬಂದಿದ್ದರು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಹೆಗಲಿಗೆ ತಾಗಿತು. ಮೂರು ಸಲವೂ ಅಷ್ಟೇ. ಆಮೇಲೆ, ಕಾಲು ತಾಗಿದರೆ ನಾವೆಲ್ಲ ಮಾಡುವ ಹಾಗೆ, ಬಗ್ಗಿ ನನ್ನ ಬೆನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ವಯಸ್ಸಿನಲ್ಲಿ ನನಗಿಂತ ಹಿರಿಯರು, ಅದನ್ನು ಮಾಡಬೇಕೆಂದಿರಲಿಲ್ಲ.

ಮಲಗಿದ್ದೇನೋ ಸರಿ, ಏಳಲು ಆಗಲಿಲ್ಲ. ಕುತ್ತಿಗೆ ಒಂದು ಕಡೆ, ನಾನೊಂದು ಕಡೆ. ಒಳಗಿನಿಂದ ನಮ್ಮನೆಯವರು ಸೌಟು ಹಿಡಿದುಕೊಂಡೇ ಬಂದರು. ಅವರು ಬಗ್ಗುವ ಮೊದಲೇ ಅಕ್ಕ ನನ್ನ ಬಲಗೈ ಹಿಡಿದು, ಗಟ್ಟಿ ಹಿಡಿ ಎಂದರು. ಹಿಡಿದೆ. ಎಳೆದರು. ನನ್ನ ಕೈ ಸಾಬೂನಿನ ಹಾಗೆ ಜಾರಿ ಕೆಳಗೆ ಬಿತ್ತು. ಇನ್ನೊಮ್ಮೆ ಹಿಡಿದರು, ಇನ್ನೊಮ್ಮೆ ಬಿತ್ತು. ಅವರು ಅಲ್ಲೇ ನೆಲದ ಮೇಲೆ ಕೂತು ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು.

“ಹೆಣೆ, ನಿನ್ ಕೈಯಗೆ ಬಲವೇ ಇಲ್ಲೆ ಅಲ್ದಾ. ಯಾವಾಗಿಂದ?”

“ಹತ್ತ್ ದಿನ ಆಯ್ತ್ ಅಕ್ಕ.”

“ಡಾಕ್ಟ್ರಿಗ್ ಹೇಳಿದ್ಯಾ?”

ನಾನು ನೆಲದ ಮೇಲಿನ ಇರುವೆಯನ್ನು ಹುಡುಕತೊಡಗಿದೆ. ನಮ್ಮನೆಯವರು ಸೌಟು ಕೆಳಗಿಟ್ಟರು. ಅಕ್ಕನಿಗೆ ಉತ್ತರ ಸಿಕ್ಕಿತ್ತು.

“ಒದ್ದದ್ದ್ ಕಮ್ಮಿ ಆಯ್ತ್ ನಿಂಗೆ” ಎಂದರು.

ಮರುದಿನ ನರದ ಡಾಕ್ಟರು ಕುಂದಾಪುರಕ್ಕೆ ಬರುವ ಶನಿವಾರವೇ. ನನ್ನ ಹೆಸರಿರಲಿಲ್ಲ, ಆದರೂ ಅಕ್ಕ ಹೊರಟು ನಿಂತರು. ಮೊದಲ ಬಸ್ಸಿಗೆ ಹೋದೆವು. ಅಕ್ಕ ನನ್ನನ್ನು ಎಡಗಡೆಯ ಕಿಟಕಿಗೆ ಕೂರಿಸಿದ್ದರಿಂದ, ರಸ್ತೆಯ ಒಂದು ಬದಿ ನದಿ, ಇನ್ನೊಂದು ಬದಿ ಸಮುದ್ರ ಇರುವ ಮರವಂತೆ ಬಂದಾಗ ನನಗೆ ನದಿಯೇ ಗತಿಯಾಯಿತು. ಸಮುದ್ರ ನೋಡಬೇಕಾದರೆ ಬಲಕ್ಕೆ ತಿರುಗಬೇಕು. ಅಕ್ಕನೇ ನೋಡಿ ವರದಿ ಕೊಟ್ಟರು: ಎಂತ ಇಲ್ಲೆ, ನೀರೇ.

ಆಸ್ಪತ್ರೆಯ ಕೌಂಟರಿನಲ್ಲಿ ಕೂತ ಹುಡುಗಿ ಇವತ್ತು ಆಗುವುದೇ ಇಲ್ಲ ಎಂದಳು. ಅಕ್ಕ ನನ್ನ ಬಲಗೈಯನ್ನು ಎತ್ತಿ, ತರಕಾರಿ ಅಂಗಡಿಗೆ ಹಾಳು ಬದನೆಕಾಯಿ ವಾಪಸು ತಂದವರ ಹಾಗೆ ಕೌಂಟರಿನ ಮೇಲೆ ಇಟ್ಟರು. ಬೆರಳಿಗೆ ಜೀವವಿಲ್ಲ, ಹತ್ತು ದಿನದಿಂದ ಹೀಗೆ ಎಂದು ಹೇಳಿದರು. ಗಲಾಟೆ ಮಾಡಲು ಸಿದ್ಧರಾಗಿಯೇ ಬಂದಿದ್ದರು, ಆದರೆ ಅದರ ಅವಕಾಶವೇ ಸಿಗಲಿಲ್ಲ. ಹುಡುಗಿ ಎದ್ದು ಒಳಗೆ ಹೋದಳು, ಬಂದು ನನ್ನನ್ನು ಮೂರನೆಯವಳಾಗಿ ಬರೆದಳು. ಹೆಸರು ಬರೆಸುವಾಗ ಫೋನಿನಲ್ಲೇ ಇದನ್ನು ಹೇಳಿದ್ದರೆ ಅಂದೇ ಬೇರೆ ಡಾಕ್ಟರ ಹತ್ತಿರ ಕಳಿಸುತ್ತಿದ್ದೆವಲ್ಲ ಎಂದಳು. ಅಷ್ಟು ದಿನ ಕಾಯಿಸಿದ್ದು ಯಾವ ಡಾಕ್ಟರೂ ಅಲ್ಲ, ನಾನೇ. ಆ ಮಾತು ಕುತ್ತಿಗೆಗಿಂತ ಹೆಚ್ಚು ನೋಯಿಸಿತು.

ಡಾಕ್ಟರು ಸಣ್ಣ ಸುತ್ತಿಗೆಯಲ್ಲಿ ಮೊಣಕೈಗೆ ಬಡಿದರು, ಪಿನ್ನಿನಲ್ಲಿ ಬೆರಳಿಗೆ ಚುಚ್ಚಿದರು. ತಮ್ಮ ಎರಡು ಬೆರಳು ಕೊಟ್ಟು, ಹಿಂಡಿ ಎಂದರು. ಎಡಗೈಯಲ್ಲಿ ಹಿಂಡಿದಾಗ ಅವರ ಮುಖ ಕೆಂಪಾಯಿತು. ಬಲಗೈಯಲ್ಲಿ ಹಿಂಡಿದಾಗ, ಶುರು ಮಾಡಿ ಎಂದರು. ಶುರು ಮಾಡಿ ಆಗಿತ್ತು.

ಕುತ್ತಿಗೆಗೆ ಯಾರಾದರೂ ಏನಾದರೂ ಮಾಡಿದ್ದಾರಾ ಎಂದು ಕೇಳಿದರು. ಒಂದು ಸುಳ್ಳಿನ ಫಲ ಕಂಡಾಗಿತ್ತು, ಹಾಗಾಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಡಾಕ್ಟರು ಪೆನ್ನು ಬಿಟ್ಟು ಅಕ್ಕನ ಕಾಲು ನೋಡಿದರು. “ನಾನ್ ಒದೀಲಿಲ್ಲೆ ಡಾಕ್ಟ್ರೇ, ತಾಗ್ಸದ್ದ್” ಎಂದು ಅಕ್ಕ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು. ಇನ್ನು ತಾಗಿಸುವುದೂ ಬೇಡ ಎಂದರು ಅವರು.

ಸ್ಕ್ಯಾನ್ ಆಯಿತು. ಸಿಕ್ಕಿಕೊಂಡ ನರದ ಚಿತ್ರ ನನಗೂ ತೋರಿಸಿದರು. ನನಗೆ ಕಂಡದ್ದು ನುಗ್ಗೆಕಾಯಿ. ಸದ್ಯಕ್ಕೆ ಕತ್ತಿ ಬೇಡ, ಮಾತ್ರೆ ಮತ್ತು ವ್ಯಾಯಾಮ, ಆರು ವಾರ ನೋಡುವ, ಶಕ್ತಿ ಇನ್ನೂ ಇಳಿದರೆ ಮಾತ್ರ ಆಪರೇಷನ್, ಇನ್ನೊಂದೆರಡು ವಾರ ಹೀಗೇ ಬಿಟ್ಟಿದ್ದರೆ ತಮ್ಮ ಮಾತು ಬೇರೆಯಾಗುತ್ತಿತ್ತು ಎಂದರು. ಹೊರಗೆ ಬಂದು ಬೆಂಚಿನಲ್ಲಿ ಕೂತು ಸ್ವಲ್ಪ ಅತ್ತುಬಿಟ್ಟೆ. ಅಕ್ಕ ಸಮಾಧಾನ ಮಾಡಲಿಲ್ಲ. ಹೋಟೆಲಿಗೆ ಕರೆದುಕೊಂಡು ಹೋಗಿ ಬನ್ಸ್ ತಿನ್ನಿಸಿದರು.

ಅತ್ತೆಯ ಪ್ರಕಾರ ಗುಣವಾದದ್ದು ಒದೆಯಿಂದ, ಮಾತ್ರೆ ಸುಮ್ಮನೆ ಜೊತೆಗೆ. ನಾನು ವಾದಕ್ಕೆ ಹೋಗುವುದಿಲ್ಲ. ಪೂರ್ತಿ ತಪ್ಪು ಎನ್ನಲೂ ಆಗುವುದಿಲ್ಲ.

ಈಗ ಐದನೆಯ ವಾರ. ದಿನವೂ ಸಂಜೆ ಅಕ್ಕ ಬಂದು ಎರಡು ಬೆರಳು ಕೊಟ್ಟು, ಹಿಂಡು ಎನ್ನುತ್ತಾರೆ. ಮೊದಲು ಬಯ್ಯುತ್ತಿದ್ದರು, ಈಗ ಹೂಂ ಎನ್ನುತ್ತಾರೆ. ತೋರುಬೆರಳು ಎಚ್ಚರವಾಗಿದೆ, ಹೆಬ್ಬೆರಳು ಅರ್ಧ ನಿದ್ದೆಯಲ್ಲಿದೆ. ಇವತ್ತು ಬೆಳಿಗ್ಗೆ ಮೈ ಒರೆಸುವ ಒದ್ದೆ ಬೈರಾಸು ಹಿಂಡಿದೆ. ನೀರು ಇಳಿಯಿತು, ಬಕೆಟಿಗೆ ಬಿದ್ದ ಸದ್ದು ಕೇಳಿಸಿತು. ಹಗ್ಗದ ಮೇಲೆ ಹಾಕಿದಾಗ ಇನ್ನೂ ಹನಿಯುತ್ತಿತ್ತು. ಬೇಲಿಯ ಆಚೆಯಿಂದ ಅಕ್ಕ ನೋಡಿ, ಅದನ್ನು ಇನ್ನೊಮ್ಮೆ ಹಿಂಡು ಎಂದರು. ಹಿಂಡಿದೆ.